ಕನ್ನಡಕದಿಂದ ಬೆಂಕಿ ಹೊತ್ತುತ್ತದೆಯೇ?

ಪ್ರಶ್ನೆ: ವಿಮಾನ ಬಿದ್ದು ನಿರ್ಜನ ದ್ವೀಪ ಸೇರಿದ ಮಕ್ಕಳ ಕಥೆ ಬರೆಯುತ್ತಿದ್ದೇನೆ. ಒಬ್ಬ ಹುಡುಗನಿಗೆ ದೂರದ್ದು ಸರಿಯಾಗಿ ಕಾಣದು. ಅವನ ಕನ್ನಡಕದಿಂದಲೇ ಬೆಂಕಿ ಹೊತ್ತಿಸುತ್ತಾರೆ. ಇದು ಆಗುವ ಮಾತೇ? ಕೊನೆಗೆ ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲಲು ನಿಲ್ಲುವುದು ಸಹಜ ಅನ್ನಿಸುತ್ತದೆಯೇ?

ಉತ್ತರ: ಹೊತ್ತುವುದಿಲ್ಲ. ದೂರದ್ದು ಮಂಜಾಗಿ ಕಾಣುವವರು ಹಾಕುವುದು ನಿಮ್ನ ಮಸೂರ. ನಡುವೆ ತೆಳು, ಅಂಚಿನಲ್ಲಿ ದಪ್ಪ. ಅಂಥ ಕನ್ನಡಕವನ್ನು ಬಿಸಿಲಿಗೆ ಹಿಡಿದು ನೆಲ ನೋಡಿ. ಗಾಜಿನ ಕೆಳಗೆ ಮಬ್ಬು ನೆರಳು ಬಿದ್ದಿರುತ್ತದೆ, ಕಿರಣಗಳು ಸುತ್ತಲೂ ಚದುರಿಹೋಗಿರುತ್ತವೆ. ದ್ವೀಪದಲ್ಲಿ ಸಿಕ್ಕಿಕೊಂಡ ಹುಡುಗರು ಕೊನೆಗೆ ಕೊಲೆಗಿಳಿಯುವ ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದ ಫ್ಲೈಸ್’ (1954) ಕಾದಂಬರಿಯಲ್ಲೂ ಇದೇ ತಪ್ಪು ನುಸುಳಿದೆ. ನಾನು ಬಹಳ ಮೆಚ್ಚುವ ಕೃತಿ ಅದು, ಆದರೆ ಆ ತಪ್ಪು ನಿಮಗೆ ಬೇಡ.

ನಿಮ್ಮ ಹುಡುಗನಿಗೆ ಹತ್ತಿರದ್ದು ಕಾಣದಂತೆ ಮಾಡಿ. ಆಗ ಅವನದು ಪೀನ ಮಸೂರ, ನಡುವೆ ದಪ್ಪ, ಅಂಚಿನಲ್ಲಿ ತೆಳು. ಪವರ್ ಪ್ಲಸ್ 4 ಆದರೆ ಬಿಸಿಲು ಗಾಜಿನಿಂದ 25 ಸೆಂಟಿಮೀಟರ್ ದೂರದಲ್ಲಿ ಚುಕ್ಕಿಯಾಗಿ ಕೂಡುತ್ತದೆ, ಪ್ಲಸ್ 2 ಆದರೆ 50 ಸೆಂಟಿಮೀಟರ್. ಅಷ್ಟೆತ್ತರದಲ್ಲಿ ಕೈ ಅಲುಗದಂತೆ ಹಿಡಿದಿರಬೇಕು. ಹಸಿದ ಮಗುವಿನ ಕೈ ನಡುಗಿದರೆ ಚುಕ್ಕಿಯೂ ಜಾರುತ್ತದೆ. ಅಷ್ಟು ಹೊತ್ತೂ ಕನ್ನಡಕ ಕೊಟ್ಟವನಿಗೆ ತನ್ನ ಬೆರಳಿಗೆ ಚುಚ್ಚಿದ ಮುಳ್ಳು ಕೀಳುವುದೂ ಕಷ್ಟ. ಈ ದೃಶ್ಯವನ್ನು ನಿಧಾನವಾಗಿ ಬರೆಯಿರಿ.

‘ಸಹಜ’ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಗೋಲ್ಡಿಂಗ್ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬಂದವರು. ಆ ಕಥೆಯ ಕತ್ತಲಿಗೆ ಅದೂ ಕಾರಣ. ನಿಜವಾಗಿ ನಡೆದದ್ದನ್ನೂ ನೋಡಿ. 1965ರಲ್ಲಿ ಪೆಸಿಫಿಕ್ ಸಾಗರದ ದ್ವೀಪದೇಶ ಟೋಂಗಾದ ಆರು ಶಾಲಾ ಹುಡುಗರ ದೋಣಿ ಬಿರುಗಾಳಿಗೆ ಸಿಕ್ಕಿ, ಅವರು ಅಟಾ ಎಂಬ ನಿರ್ಜನ ದ್ವೀಪ ಸೇರಿದರು. ಅಲ್ಲಿ ಸುಮಾರು 15 ತಿಂಗಳು ಬದುಕಿದರು. ತೋಟ, ಅಡುಗೆ, ಕಾವಲಿಗೆ ಇಬ್ಬಿಬ್ಬರಂತೆ ಪಾಳಿ ಹಾಕಿಕೊಂಡರು. ಜಗಳವಾದರೆ ಇಬ್ಬರೂ ದೂರ ದೂರ ಹೋಗಿ, ಸಿಟ್ಟು ಇಳಿದ ಮೇಲೆ ಬರಬೇಕಿತ್ತು. ಒಬ್ಬನ ಕಾಲು ಮುರಿದಾಗ ಕೋಲು ಕಟ್ಟಿ ಕೂಡಿಸಿದರು. ವಿಮಾನವೇ ಬೇಕೆಂದರೆ, 2023ರಲ್ಲಿ ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ವಿಮಾನ ಬಿದ್ದು ತಾಯಿಯನ್ನು ಕಳೆದುಕೊಂಡ ನಾಲ್ವರು ಒಡಹುಟ್ಟಿದವರು 40 ದಿನ ಬದುಕುಳಿದರು. ಹಿರಿಯಳಿಗೆ 13 ವರ್ಷ, ಕಿರಿಯದು ಕೈಗೂಸು.

ಟೋಂಗಾದ ಹುಡುಗರು ಕಟ್ಟಿಗೆ ಉಜ್ಜಿ ಹೊತ್ತಿಸಿದ ಬೆಂಕಿಯನ್ನು ಬಿಡುಗಡೆಯ ದಿನದವರೆಗೂ ಆರಲು ಬಿಡಲಿಲ್ಲ. ನಿಮ್ಮ ಕಥೆಯ ಬಿಗಿ ಅಲ್ಲಿರಬಹುದು. ಮಳೆಯ ರಾತ್ರಿ ಪಾಳಿಯವನು ನಿದ್ದೆ ಹೋಗಿ ಬೆಂಕಿ ಆರಿದರೆ, ಬೆಳಗ್ಗೆ ಉಳಿದವರಿಗೆ ಅವನು ಏನು ಹೇಳುತ್ತಾನೆ? ಕೊಲೆಗೆ ಮೊದಲು ಆ ಬೆಳಗನ್ನು ಬರೆದು ನೋಡಿ.