ಜೀನ್ ಒಂದೇ, ಆದರೆ ಅಣ್ಣನ ಮೈಯಲ್ಲಿ ಕಬ್ಬಿಣ ಹೆಚ್ಚು: ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ನಿಮಗೂ ನಿಮ್ಮ ಅಣ್ಣನಿಗೂ ಎಚ್‌ಎಫ್‌ಇ ಜೀನ್‌ನಲ್ಲಿ ಸಿ282ವೈ ಎಂಬ ಬದಲಾವಣೆ (ಮೈಯಲ್ಲಿ ಕಬ್ಬಿಣ ತುಂಬುವ ಹೀಮೋಕ್ರೊಮಾಟೋಸಿಸ್ ರೋಗಕ್ಕೆ ದಾರಿ ಮಾಡುವಂಥದ್ದು) ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಿದೆ. ಆರು ವರ್ಷ ದೊಡ್ಡವರಾದ ಅಣ್ಣನ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಸುಳಿವು ಕೊಡುವ ರಕ್ತದ ಅಂಕಿ, 2,300, ಲಿವರ್‌ನಲ್ಲಿ ಗಾಯದ ಕಲೆ ಶುರುವಾಗಿದೆ. ನಿಮ್ಮದು 420. ಇಷ್ಟು ವ್ಯತ್ಯಾಸ ಯಾಕೆ, ಕಾರಣ ಹುಡುಕಲು ಇನ್ನಷ್ಟು ಜೀನ್ ಪರೀಕ್ಷೆ ಮಾಡಿಸಬೇಕೇ?

ಜೆನೆಟಿಕ್ ಕೌನ್ಸೆಲಿಂಗ್ ನನ್ನ ಕೆಲಸ. ಇಂಥ ರಿಪೋರ್ಟು ಹಿಡಿದು ಬರುವವರ ಎದುರು ಕೂತು ವರ್ಷಗಳಾದವು. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ನಿಮಗೆ ಬೇಡ. ಯಾಕೆ ಬೇಡ ಅನ್ನುವುದು ಮೊದಲನೇ ಪ್ರಶ್ನೆಯ ಉತ್ತರದಲ್ಲೇ ಇದೆ.

ಕಬ್ಬಿಣ ದೇಹದೊಳಗೆ ಬರಲು ದಾರಿಯುಂಟು, ಹೆಚ್ಚಾದದ್ದನ್ನು ಹೊರಗೆ ಹಾಕಲು ದಾರಿಯಿಲ್ಲ. ಹಾಗಾಗಿ ಲೆಕ್ಕವೆಲ್ಲ ಬಾಗಿಲಲ್ಲೇ ಆಗಬೇಕು. ಕರುಳಿನ ಕೋಶದಿಂದ ರಕ್ತಕ್ಕೆ ಕಬ್ಬಿಣ ಬಿಡುವ ತೂಬು ಫೆರೋಪೋರ್ಟಿನ್. ಅದನ್ನು ಮುಚ್ಚುವ ನೀರಗಂಟಿ ಹೆಪ್ಸಿಡಿನ್, ಲಿವರ್ ತಯಾರಿಸುವ ಹಾರ್ಮೋನು. ಸಂಗ್ರಹ ತುಂಬಿದೆ ಎಂದು ಆ ನೀರಗಂಟಿಗೆ ಸುದ್ದಿ ಮುಟ್ಟಿಸುವವರಲ್ಲಿ ಎಚ್‌ಎಫ್‌ಇ ಪ್ರೋಟೀನ್ ಒಂದು. ಈ ಜೀನ್ ಪತ್ತೆಯಾದದ್ದು 1996ರಲ್ಲಿ. 282ನೇ ಜಾಗದಲ್ಲಿ ಸಿಸ್ಟೀನ್ ಬದಲು ಟೈರೋಸಿನ್ ಕೂತರೆ ಆ ಪ್ರೋಟೀನ್ ಕೋಶದ ಮೇಲ್ಮೈಗೆ ಬರುವುದೇ ಇಲ್ಲ. ಸುದ್ದಿ ಅರ್ಧಂಬರ್ಧ ಮುಟ್ಟುತ್ತದೆ, ತೂಬು ಪೂರ್ತಿ ಮುಚ್ಚುವುದಿಲ್ಲ, ದಿನಕ್ಕೆ ಒಂದೆರಡು ಮಿಲಿಗ್ರಾಂನಂತೆ ಹೆಚ್ಚುವರಿ ಕಬ್ಬಿಣ ಒಳಗೆ ಸೇರುತ್ತ ಹೋಗುತ್ತದೆ.

‘ಅರ್ಧಂಬರ್ಧ’ ಅಂದೆನಲ್ಲ, ವ್ಯತ್ಯಾಸ ಹುಟ್ಟುವುದು ಅಲ್ಲೇ. ಸುದ್ದಿ ಮುಟ್ಟಿಸುವವರು ಬೇರೆಯವರೂ ಇದ್ದಾರೆ: ಹೀಮೋಜುವೆಲಿನ್, ಟಿಎಫ್‌ಆರ್2, ಬಿಎಂಪಿ6. ಹೀಮೋಜುವೆಲಿನ್ ಅಥವಾ ಹೆಪ್ಸಿಡಿನ್ ಜೀನ್‌ನ ಎರಡೂ ಪ್ರತಿ ಕೆಟ್ಟರೆ ತೂಬು ಹಾರುಹೊಡೆದಂತೆ. ಮೂವತ್ತು ತುಂಬುವ ಮೊದಲೇ ಹೃದಯ ಸೋಲುತ್ತದೆ, ಲೈಂಗಿಕ ಹಾರ್ಮೋನುಗಳು ಕುಸಿಯುತ್ತವೆ. ಸಿ282ವೈ ಅಷ್ಟು ಕ್ರೂರವಲ್ಲ. ಎರಡು ಪ್ರತಿ ಇದ್ದವರನ್ನು ಆಸ್ಟ್ರೇಲಿಯಾದಲ್ಲಿ ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಬ್ಬಿಣದಿಂದಾದ ರೋಗ ಕಂಡದ್ದು ಗಂಡಸರಲ್ಲಿ ಶೇ. 28ರಷ್ಟು ಮಂದಿಗೆ, ಹೆಂಗಸರಲ್ಲಿ ಶೇ. 1ರ ಆಸುಪಾಸು ಮಾತ್ರ. ಅದೇ ಬದಲಾವಣೆ ಹೊತ್ತ ಹೆಚ್ಚಿನ ಗಂಡಸರಿಗೆ ರೋಗವೇ ಆಗಿರಲಿಲ್ಲ. ಕೆಲವು ಲ್ಯಾಬಿನವರು ಇದರ ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಹೈ ರಿಸ್ಕ್’ ಅಂತ ಅಚ್ಚು ಹಾಕುವುದು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಇನ್ನು ಉಳಿದ ಜೀನ್‌ಗಳ ವಿಚಾರ. ಎಷ್ಟು ಕಬ್ಬಿಣ ಸೇರುತ್ತದೆ ಅನ್ನುವುದು ಒಂದು ಮಾತು, ಸೇರಿದ ಕಬ್ಬಿಣ ಅಂಗಗಳನ್ನು ಎಷ್ಟು ಕೆಡಿಸುತ್ತದೆ ಅನ್ನುವುದು ಬೇರೆ ಮಾತು. ಇವೆರಡನ್ನೂ ಒಂದೇ ಗಂಟು ಕಟ್ಟಿದರೆ ಗೊಂದಲ ತಪ್ಪಿದ್ದಲ್ಲ.

ಮೊದಲನೆಯದಕ್ಕೆ ಉದಾಹರಣೆ ಟಿಎಂಪಿಆರ್‌ಎಸ್‌ಎಸ್6. ಇದು ಕತ್ತರಿ ಇದ್ದಂತೆ, ಹೀಮೋಜುವೆಲಿನನ್ನು ಕತ್ತರಿಸಿ ಹೆಪ್ಸಿಡಿನ್ ತಗ್ಗಿಸುತ್ತದೆ. ಈ ಕತ್ತರಿಯ ಎರಡು ರೂಪಗಳು ಜನರಲ್ಲಿ ಸಾಮಾನ್ಯ. ಮೊಂಡು ಕತ್ತರಿ ಇದ್ದವರಲ್ಲಿ ಹೆಪ್ಸಿಡಿನ್ ಒಂಚೂರು ಹೆಚ್ಚು, ಕಬ್ಬಿಣ ಒಂಚೂರು ಕಡಿಮೆ. ಸಿ282ವೈ ಎರಡು ಪ್ರತಿಯ ಜೊತೆಗೆ ಹೆಪ್ಸಿಡಿನ್ ಜೀನ್‌ನಲ್ಲೂ ಒಂದು ಪ್ರತಿ ಕೆಟ್ಟು ರೋಗ ಬಿಗಡಾಯಿಸಿದ ಕುಟುಂಬಗಳ ವರದಿಗಳೂ ಇವೆ, ಆದರೆ ಅವು ಬೆರಳೆಣಿಕೆ. 2015ರಲ್ಲಿ ಜಿಎನ್‌ಪಿಎಟಿ ಎಂಬ ಜೀನ್‌ನ ಸುದ್ದಿ ಬಂತು. ವಿಪರೀತ ಕಬ್ಬಿಣ ತುಂಬಿದ ಗಂಡಸರನ್ನೂ ಬಹಳ ಕಡಿಮೆ ಇದ್ದವರನ್ನೂ ಹೋಲಿಸಿದಾಗ, ಮೊದಲ ಗುಂಪಿನಲ್ಲಿ ಅದರ ಒಂದು ರೂಪ ಹೆಚ್ಚಾಗಿತ್ತು. ನಾನೂ ಹುರುಪಿನಿಂದ ಓದಿದ್ದೆ. ಆಮೇಲೆ ಬೇರೆ ತಂಡಗಳು ಪರೀಕ್ಷಿಸಿದಾಗ ಆ ನಂಟು ನಿಲ್ಲಲಿಲ್ಲ.

ಎರಡನೆಯದಕ್ಕೆ ಪಿಸಿಎಸ್‌ಕೆ7 ಮತ್ತು ಪಿಎನ್‌ಪಿಎಲ್‌ಎ3 ಜೀನ್‌ಗಳ ಕೆಲವು ರೂಪಗಳು. ಇವು ಸಿರೋಸಿಸ್‌ನ, ಅಂದರೆ ಲಿವರ್ ತುಂಬ ಕಲೆಗಟ್ಟಿ ಗಡುಸಾಗುವುದರ, ಸಾಧ್ಯತೆ ಏರಿಸುತ್ತವೆ. ಪಿಎನ್‌ಪಿಎಲ್‌ಎ3 ಅಂತೂ ಫ್ಯಾಟಿ ಲಿವರ್ ಇರುವವರಿಗೆ ಹಳೇ ಪರಿಚಯದ ಹೆಸರು. ಆದರೆ ಇವೆಲ್ಲವನ್ನೂ ಮದ್ಯದ ಪಕ್ಕದಲ್ಲಿಟ್ಟು ನೋಡಿ. ಎರಡು ಪ್ರತಿ ಸಿ282ವೈ ಇದ್ದವರು ದಿನಕ್ಕೆ 60 ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಕುಡಿದರೆ ಸಿರೋಸಿಸ್ ಸಾಧ್ಯತೆ ಸುಮಾರು ಒಂಬತ್ತು ಪಟ್ಟು ಎಂದು ಒಂದು ಅಧ್ಯಯನ ಕಂಡುಕೊಂಡಿತ್ತು. ಸಣ್ಣ ಪರಿಣಾಮದ ಈ ಒಂದೊಂದು ಜೀನ್ ಇದರ ಹತ್ತಿರವೂ ಸುಳಿಯುವುದಿಲ್ಲ. ನಿಮ್ಮ ಅಣ್ಣ ಕುಡಿಯುತ್ತಾರೋ ಇಲ್ಲವೋ ನೀವು ಬರೆದಿಲ್ಲ. ತೂಕ, ಹೆಪಟೈಟಿಸ್, ಕಬ್ಬಿಣದ ಮಾತ್ರೆ, ರಕ್ತದಾನದ ರೂಢಿ, ಇವನ್ನೂ ಕೇಳಬೇಕು.

ನನ್ನ ಬಳಿ ಬಂದಿದ್ದ ಇಬ್ಬರು ಸಹೋದರರದ್ದೂ ಹೆಚ್ಚುಕಡಿಮೆ ನಿಮ್ಮದೇ ಕತೆ. ದೊಡ್ಡವರು ಕೈ ಕುಲುಕುವಾಗ ಮುಖ ಕಿವುಚಿದರು. ತೋರುಬೆರಳು ಮತ್ತು ನಡುಬೆರಳಿನ ಬುಡದ ಗಂಟುಗಳು ಊದಿದ್ದವು. ಈ ರೋಗ ಕೀಲಿಗೆ ಇಳಿದಾಗ ಹೆಚ್ಚಾಗಿ ಹಿಡಿಯುವುದು ಅವೆರಡನ್ನೇ. ಚಿಕ್ಕವರಿಗೆ ಏನೂ ಇರಲಿಲ್ಲ. ಜೀನ್‌ಗಳ ಉದ್ದ ಪಟ್ಟಿ ಹಿಡಿದು ಅರ್ಧ ಗಂಟೆ ಮಾತಾಡಿದ ಮೇಲೆ ಚಿಕ್ಕವರು ಹೇಳಿದರು, ‘ನಾನು ಕಾಲೇಜು ದಿನಗಳಿಂದ ವರ್ಷಕ್ಕೆ ಮೂರು ಸಲ ರಕ್ತ ಕೊಡ್ತೀನಿ, ಅದೇನಾದ್ರೂ ಲೆಕ್ಕಕ್ಕೆ ಬರುತ್ತಾ?’ ಬರದೇ ಏನು! ಅರ್ಧ ಲೀಟರ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಗೆ ಹೋಗುತ್ತದೆ. ಈ ರೋಗಕ್ಕೆ ಚಿಕಿತ್ಸೆಯೂ ರಕ್ತ ತೆಗೆಯುವುದೇ, ಗೊತ್ತಿಲ್ಲದೆಯೇ ತಮ್ಮ ಚಿಕಿತ್ಸೆ ತಾವೇ ಮಾಡಿಕೊಂಡಿದ್ದರು. ಅವರ ಅಣ್ಣನ ದೇಹದಲ್ಲಿ ಹತ್ತು ಗ್ರಾಂ ಹೆಚ್ಚುವರಿ ಇದ್ದಿರಬಹುದು. ವಾರಕ್ಕೊಂದು ಚೀಲದಂತೆ ತೆಗೆದರೂ ನಲವತ್ತೈವತ್ತು ಚೀಲ, ಹತ್ತಿರ ಹತ್ತಿರ ಒಂದು ವರ್ಷ.

ಹಾಗಂತ ಹೆಚ್ಚಿನ ಜೀನ್ ಪರೀಕ್ಷೆ ಯಾರಿಗೂ ಬೇಡ ಎಂದಲ್ಲ. ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ಪಾಲು ತುಂಬಿದೆ ಎಂಬ ಅಳತೆ) ಏರಿದ್ದು ಎಚ್‌ಎಫ್‌ಇ ಸರಿಯಿದ್ದರೆ, ಇಲ್ಲವೇ ಚಿಕ್ಕ ವಯಸ್ಸಿಗೇ ರೋಗ ಜೋರಾಗಿದ್ದರೆ ಬೇಕೇ ಬೇಕು. ಫೆರಿಟಿನ್ ಮುಗಿಲು ಮುಟ್ಟಿ ಸ್ಯಾಚುರೇಶನ್ ಮಾತ್ರ ಸಹಜವಾಗಿದ್ದರೆ, ಫ್ಯಾಟಿ ಲಿವರ್, ಉರಿಯೂತ, ಮದ್ಯ ಇವೆಲ್ಲ ಕಾರಣವಲ್ಲ ಎಂದಾದ ಮೇಲೆ ಫೆರೋಪೋರ್ಟಿನ್ ಜೀನ್ ನೋಡಬೇಕು. ಅಂಥವರಿಗೆ ಎಂದಿನ ವೇಗದಲ್ಲಿ ರಕ್ತ ತೆಗೆದರೆ ಬೇಗ ರಕ್ತಹೀನತೆ ಆಗಬಹುದು, ಆದ್ದರಿಂದ ಅಲ್ಲಿ ಜೀನ್ ಗೊತ್ತಾದರೆ ಚಿಕಿತ್ಸೆಯೇ ಬದಲಾಗುತ್ತದೆ. ನಿಮ್ಮ ವಿಷಯದಲ್ಲಿ ಸಣ್ಣ ಪರಿಣಾಮದ ಯಾವ ಜೀನ್ ಸಿಕ್ಕರೂ ಚಿಕಿತ್ಸೆ ಅದೇ.

ನಿಮ್ಮ 420 ಗಾಬರಿಯ ಅಂಕಿಯಲ್ಲ. ಸಿರೋಸಿಸ್ ಭಯ ಹೆಚ್ಚುವುದು 1,000 ದಾಟಿದ ಮೇಲೆ. ಆದರೆ ಅಣ್ಣನಿಗಿಂತ ನೀವು ಆರು ವರ್ಷ ಚಿಕ್ಕವರು, ಕಬ್ಬಿಣ ಕೂಡುತ್ತಲೇ ಇರುತ್ತದೆ. ವೈದ್ಯರು ಈಗಲೇ ರಕ್ತ ತೆಗೆಯೋಣ ಅಂದರೆ ಮುಂದೂಡಬೇಡಿ. ಸಾಮಾನ್ಯವಾಗಿ ಫೆರಿಟಿನ್ 50–100ಕ್ಕೆ ಇಳಿಸಿ ಅಲ್ಲೇ ಉಳಿಸಿಕೊಳ್ಳುತ್ತಾರೆ.

ಪ್ರಶ್ನೆಯ ಕೊನೆಯಲ್ಲಿ ಒಬ್ಬ ಅಕ್ಕ ಇದ್ದಾರೆ, ಅವರಿಗೆ ಏನೂ ತೊಂದರೆ ಇಲ್ಲ ಅಂತ ಬರೆದಿದ್ದೀರಿ. ನಿಮ್ಮಿಬ್ಬರಿಗೂ ಎರಡು ಪ್ರತಿ ಇರುವುದರಿಂದ ಅವರಿಗೂ ಇರುವ ಸಾಧ್ಯತೆ ಕನಿಷ್ಠ ನಾಲ್ಕರಲ್ಲಿ ಒಂದು. ಮುಟ್ಟಿನ ವರ್ಷಗಳು ಅವರನ್ನು ಕಾಪಾಡಿರಬಹುದು, ಮುಟ್ಟು ನಿಂತ ಮೇಲೆ ಆ ರಕ್ಷಣೆ ಇರುವುದಿಲ್ಲ. ಜೀನ್ ಪರೀಕ್ಷೆಗೆ ದುಡ್ಡು ತೆಗೆದಿಟ್ಟಿದ್ದರೆ ಅಕ್ಕನಿಗೆ ಮಾಡಿಸಿ.