ಐದು ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದರೆ ಹೆಚ್ಚು ಬರೆಸಬೇಕೆ?

ಬಾಗಲಕೋಟೆಯಲ್ಲಿ ಈ ವರ್ಷ ಶಾಲೆಗೆ ಸೇರಿದ ಮಗಳು ಪೆನ್ಸಿಲನ್ನು ಇನ್ನೂ ಮುಷ್ಟಿಯಲ್ಲೇ ಹಿಡಿಯುತ್ತಾಳೆ, ದಿನಾಲೂ ಪುಟಗಟ್ಟಲೆ ಬರೆಸಬೇಕೆ ಎಂದು ಕೇಳಿದ್ದೀರಿ. ಸದ್ಯಕ್ಕೆ ಬರೆಸುವುದನ್ನು ಕಡಿಮೆ ಮಾಡಿ ಎಂಬುದೇ ನನ್ನ ಸಲಹೆ.

ಚಲನೆಯ ಮೇಲಿನ ಹತೋಟಿ ಮೊದಲು ಬೆನ್ನು, ಭುಜಗಳಿಗೆ ಬಂದು ಆಮೇಲೆ ಮಣಿಕಟ್ಟು, ಬೆರಳುಗಳಿಗೆ ಇಳಿಯುತ್ತದೆ. ಈ ವಯಸ್ಸಿನಲ್ಲಿ ಮಣಿಕಟ್ಟಿನ ಎಲುಬುಗಳೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮೂರು ಬೆರಳಿನ ಹಿಡಿತ ಹೆಚ್ಚಿನ ಮಕ್ಕಳಿಗೆ 4ರಿಂದ 6 ವರ್ಷದೊಳಗೆ ಸಾಧಿಸುತ್ತದೆ. ಗಿಡ ಹತ್ತುವುದು, ಜೋಕಾಲಿ ಜೀಕುವುದು ಭುಜಕ್ಕೆ ಬಲ ಕೊಡುತ್ತವೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಮಗು ಹಸಿಮಣ್ಣನ್ನು ನಾದಿ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿವುಟಿ ಎತ್ತಿನ ಕೋಡು ಎಳೆಯುವಾಗ, ಇನ್ನೊಂದು ಕೈ ಎತ್ತಿನ ಮೈಯನ್ನು ಅಲುಗದಂತೆ ಹಿಡಿದಿರುತ್ತದೆ. ಬರೆಯುವಾಗ ಒಂದು ಕೈ ಪೆನ್ಸಿಲನ್ನೂ ಇನ್ನೊಂದು ಪುಸ್ತಕವನ್ನೂ ಹಿಡಿಯುವ ಹೊಂದಾಣಿಕೆ ಇದೇ. ಶೇಂಗಾ ಸುಲಿಸಿ, ರೊಟ್ಟಿ ಹಿಟ್ಟಿನ ಉಂಡೆ ಕೊಡಿ. ಬರೆಯಲು ಉದ್ದ ಪೆನ್ಸಿಲಿಗಿಂತ ಬಳಪದ ಗಿಡ್ಡ ತುಂಡೇ ಒಳ್ಳೆಯದು, ಅದು ಮುಷ್ಟಿಗೆ ಸಿಗದೆ ಬೆರಳ ತುದಿಗೇ ಬರುತ್ತದೆ.

ಆದರೆ ಮಗು ಚಮಚ ಹಿಡಿಯಲು, ದೊಡ್ಡ ಗುಂಡಿ ಹಾಕಲು ಬಹಳ ಕಷ್ಟಪಟ್ಟರೆ, ಒಂದು ಕೈಯನ್ನು ಬಳಸದೇ ಇದ್ದರೆ ಅಥವಾ ಬರುತ್ತಿದ್ದ ಕೆಲಸ ಮರೆತರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.