ಮನೆಯಲ್ಲೇ ಗಾಜಿನ ಎಚಿಂಗ್ ಕಲಿಯಬಹುದಾ? ರಾಯಚೂರಿನಲ್ಲಿ ಆಸಿಡ್ ಎಲ್ಲಿ ಸಿಗುತ್ತದೆ?

ನಾನೂ ರಾಯಚೂರಿನವನೇ. ಎಚಿಂಗ್ ಅಂದರೆ ಆಸಿಡ್‌ನಂಥ ರಾಸಾಯನಿಕದಿಂದ ಗಾಜಿನ ಮೇಲೆ ಚಿತ್ರ ಮೂಡಿಸುವುದು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಧಾರಾಳವಾಗಿ ಕಲಿಯಬಹುದು. ಎರಡನೆಯದಕ್ಕೆ: ಸಿಕ್ಕರೂ ತರಬೇಡಿ.

ಬಾತ್‌ರೂಮ್ ತೊಳೆಯುವ ಆಸಿಡ್ ಸಾಕು ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ಅದು ಹೈಡ್ರೋಕ್ಲೋರಿಕ್, ಗಾಜಿಗೆ ಏನೂ ಆಗುವುದಿಲ್ಲ. ಗಾಜನ್ನು ತಿನ್ನುವುದು ಹೈಡ್ರೋಫ್ಲೋರಿಕ್ ಆಸಿಡ್. ಅದನ್ನು ಗಾಜಿನ ಬಾಟಲಿಯಲ್ಲಿ ಇಡುವ ಹಾಗೇ ಇಲ್ಲ, ಪ್ಲಾಸ್ಟಿಕ್ಕೇ ಬೇಕು. ಕೈಗೆ ತಾಗಿದರೆ ಕೆಲವೊಮ್ಮೆ ಆಗಲೇ ಉರಿಯುವುದೂ ಇಲ್ಲ. ಗಂಟೆಗಟ್ಟಲೆ ಬಿಟ್ಟು ನೋವು ಶುರುವಾಗುತ್ತದೆ. ಅಷ್ಟರಲ್ಲಿ ಒಳಗಿಳಿದು ಮೈಯೊಳಗಿನ ಕ್ಯಾಲ್ಸಿಯಂ ಹಿಡಿದಿರುತ್ತದೆ. ಜೀವಕ್ಕೇ ಕುತ್ತು. ಹವ್ಯಾಸಕ್ಕೆ ಇದೆಲ್ಲ ಯಾಕೆ ಬೇಕು, ಅಲ್ವಾ?

ನಮ್ಮ ಕಡೆ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯವರು ಟರ್‌ರ್ ಅಂತ ಹೆಸರು ಹಾಕಿಕೊಡುತ್ತಾರಲ್ಲ, ಅಂಥ ಕೆಲಸದಿಂದ ಶುರು ಮಾಡಿ. ಆದರೆ ಆ ಮಷಿನ್ ಬೇಡ. ಅದು ಕುಟ್ಟುತ್ತದೆ, ತೆಳು ಗಾಜು ಚಕ್ಕೆ ಏಳುತ್ತದೆ. ಗಾಜಿಗೆ ತಿರುಗುವ ಪೆನ್ ಬೇಕು, ಅದರ ಬಿಟ್‌ನ, ಅಂದರೆ ಕೊರೆಯುವ ಕಡ್ಡಿಯ, ತುದಿಗೆ ವಜ್ರದ ಪುಡಿ ಕೂರಿಸಿರಬೇಕು. ಚಾರ್ಜ್ ಮಾಡುವ ಪೆನ್ನೇ ಒಳ್ಳೆಯದು, ಯಾಕೆಂದರೆ ಪಕ್ಕದಲ್ಲಿ ನೀರು ಇರುತ್ತದೆ. ಹೀಗೆ ಕೊರೆಯುವುದನ್ನು ಎಚಿಂಗ್ ಅನ್ನುವುದಿಲ್ಲ, ಎನ್‌ಗ್ರೇವಿಂಗ್ ಅನ್ನುತ್ತಾರೆ. ಇರಲಿ ಬಿಡಿ, ನೋಡುವವರಿಗೆ ಎರಡೂ ಬೆಳ್ಳಗೇ ಕಾಣುತ್ತವೆ.

ಅಭ್ಯಾಸಕ್ಕೆ ಖಾಲಿ ಜಾಮ್ ಬಾಟಲಿ ತಗೊಳ್ಳಿ. ನಾನು ಮೊದಲು ಗಾಜಿನ ಅಂಗಡಿಗೆ ಹೋಗಿ ತುಂಡು ಗಾಜು ಕೇಳಿದ್ದೆ. ಕಟ್ ಮಾಡುತ್ತಿದ್ದ ಅಣ್ಣ ಒಂದು ತುಂಡು ಕೊಟ್ಟು, "ಇದು ಸಾದಾ ಗಾಜ್ ಐತ್ರಿ. ಟಫನ್ ಗ್ಲಾಸಿಗಿ ಮಾತ್ರ ಬಿಟ್ ಹಚ್ಚಬ್ಯಾಡ್ರಿ, ಪೂರಾ ಪುಡಿಪುಡಿ ಆಗ್ತದ" ಅಂದ. ಅವನ ಮಾತು ನಿಜ. ಟಫನ್ ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು. ಅದರ ಮೇಲ್ಮೈ ಒಳಗೊಳಗೇ ಬಿಗಿದುಕೊಂಡಿರುತ್ತದೆ, ಆ ಬಿಗಿ ಒಂದು ಕಡೆ ತಪ್ಪಿದರೆ ಇಡೀ ಹಾಳೆ ಚೂರಾಗುತ್ತದೆ.

ಚಿತ್ರವನ್ನು ಕಾಗದದಲ್ಲಿ ಬರೆದು ಬಾಟಲಿಯ ಒಳಗಿನಿಂದ ಟೇಪ್ ಹಚ್ಚಿ. ಹೊರಗಿನಿಂದ ಗೆರೆ ಹಿಡಿದು ಹೋಗಿ. ಒತ್ತಬೇಡಿ. ಒತ್ತಿದರೆ ಬಿಟ್ ಜಾರಿ ಬೇಡದ ಕಡೆ ಗೀರು ಬೀಳುತ್ತದೆ, ಆ ಗೀರು ಮತ್ತೆ ಹೋಗುವುದಿಲ್ಲ. ಗೆರೆಗೆ ಗುಂಡು ತುದಿಯ ಬಿಟ್ ಸಾಕು.

ಗಾಜಿನ ಧೂಳು ಮಾತ್ರ ಹುಷಾರು. ಕೊರೆಯುವ ಜಾಗಕ್ಕೆ ಆಗಾಗ ಒದ್ದೆ ಸ್ಪಂಜು ಒತ್ತುತ್ತಾ ಇರಿ, ಪುಡಿ ಹಾರದೆ ಕೆಸರಿನಂತೆ ಕೂರುತ್ತದೆ. ಎನ್-95 ಮಾಸ್ಕ್, ಕನ್ನಡಕ ಎರಡೂ ಇರಲಿ. ಸೆಖೆ ಅಂತ ಫ್ಯಾನ್ ಹಾಕಬೇಡಿ. ನಮ್ಮೂರ ಏಪ್ರಿಲ್‌ನಲ್ಲಿ ಇದೇ ಎಲ್ಲಕ್ಕಿಂತ ಕಷ್ಟ, ನಾನು ಬೆಳಿಗ್ಗೆ ಆರಕ್ಕೇ ಕೂರುತ್ತೇನೆ. ಇನ್ನೊಂದು ತಮಾಷೆ. ಒದ್ದೆ ಇರುವಾಗ ಕೊರೆದ ಗೆರೆ ಕಾಣುವುದೇ ಇಲ್ಲ. ಏನೂ ಆಗಿಲ್ಲ ಅಂದುಕೊಂಡು ನಾನು ಅದೇ ಗೆರೆಯನ್ನು ನಾಲ್ಕು ಸಲ ಕೊರೆದಿದ್ದೆ. ಒರೆಸಿ, ಒಣಗಿಸಿ, ಆಮೇಲೆ ನೋಡಿ.

ಕೈ ಕೂತ ಮೇಲೂ, ಗಾಜಿಗೆ ಹಚ್ಚಿ ಬೆಳ್ಳಗೆ ಮಾಡುವ ಎಚಿಂಗ್ ಕ್ರೀಮ್ ಬೇಕೇ ಬೇಕು ಅನ್ನಿಸಿದರೆ, ಅದೂ ಆ ಹೈಡ್ರೋಫ್ಲೋರಿಕ್ ಆಸಿಡ್‌ನ ಫ್ಲೋರೈಡ್ ಮನೆತನದ್ದೇ ಅನ್ನುವುದು ನೆನಪಿರಲಿ. ಗ್ಲೌಸ್, ಕನ್ನಡಕ, ತೆರೆದ ಕಿಟಕಿ, ಮಕ್ಕಳಿಲ್ಲದ ಜಾಗ. ಡಬ್ಬಿಯ ಮೇಲೆ ಬರೆದ ಸಮಯ ಮೀರಬೇಡಿ. ಚರ್ಮಕ್ಕೆ ತಾಗಿದರೆ ತಕ್ಷಣ ನಲ್ಲಿ ಕೆಳಗೆ ತೊಳೆದು, ಉರಿ ಇಲ್ಲದಿದ್ದರೂ ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ.

ಕ್ರೀಮಿಗೆ ಸ್ಟೆನ್ಸಿಲ್, ಅಂದರೆ ಅಕ್ಷರದ ಆಕಾರ ಕತ್ತರಿಸಿ ತೆಗೆದ ಸ್ಟಿಕರ್ ಬೇಕು, ಅಲ್ಲಿ ಕನ್ನಡ ಅಕ್ಷರ ಕೈಕೊಡುತ್ತದೆ. ಅಕ್ಕನ ಮಗನಿಗೆ ಅವನ ಹೆಸರಿನ 'ರ' ಹಾಕಿದ ಲೋಟ ಕೊಡೋಣ ಅಂತ ಸ್ಟಿಕರ್ ಕತ್ತರಿಸಿದೆ. 'ರ'ದ ನಡುವಿನ ಗುಂಡು ತುಂಡು ಬಿದ್ದುಹೋಗಿದ್ದು ಗಮನಿಸಲೇ ಇಲ್ಲ. ತೊಳೆದು ನೋಡಿದರೆ ಅಕ್ಷರ ಹೋಗಿ ಇಡ್ಲಿ ಆಗಿತ್ತು! ಆ ನಡುವಿನ ತುಂಡನ್ನು ಎತ್ತಿಟ್ಟು ಬೇರೆಯಾಗಿ ಅಂಟಿಸಬೇಕು. ನಮ್ಮ ಲಿಪಿಯಲ್ಲಿ ಅಂಥ ಹೊಟ್ಟೆ ಇರುವ ಅಕ್ಷರಗಳು ಜಾಸ್ತಿ.

ಏನು ಬಿಡಿಸಲಿ ಅಂತ ತೋಚದಿದ್ದರೆ ನಮ್ಮ ಕೋಟೆಗೆ ಹೋಗಿ ಬನ್ನಿ. 1294ರ ಶಾಸನ ಇರುವ, ಸುಮಾರು 41 ಅಡಿ ಉದ್ದದ ಕಲ್ಲು ಇದೆಯಲ್ಲ, ಅದನ್ನು ಗಾಡಿಗೆ ಹೇರಿ ಕೋಣಗಳು ಎಳೆದು ತರುವ ಚಿತ್ರವನ್ನೂ ಅಲ್ಲೇ ಗೋಡೆಯ ಮೇಲೆ ಕೊರೆದಿದ್ದಾರೆ. ಬರೀ ಗೆರೆಯಲ್ಲಿ. ಕಲಿಯುವ ಕೈಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು, ನಾಲ್ಕು ಕೋಣ ಮಾತ್ರ ಆರಿಸಿ, ಜಾಮ್ ಬಾಟಲಿ ಸುತ್ತ ಕೊರೆದೆ. ಒಂದಕ್ಕೆ ಮೂರೇ ಕಾಲು. ಅವ್ವ ಅದರಲ್ಲಿ ಶೇಂಗಾ ಚಟ್ನಿಪುಡಿ ತುಂಬಿಟ್ಟಿದ್ದಾಳೆ. ಕೆಂಪು ಪುಡಿಯ ಎದುರು ಬಿಳಿ ಗೆರೆ ಚೆನ್ನಾಗಿ ಎದ್ದು ಕಾಣುತ್ತದೆ. ಪುಡಿ ಇಳಿದ ಹಾಗೆ ಕೊಂಬಿನಿಂದ ಶುರುವಾಗಿ ಕೋಣಗಳು ಮಸುಕಾಗುತ್ತಾ ಬರುತ್ತವೆ. ಕಾಲು ಮಾತ್ರ ಉಳಿದಾಗ ಅವ್ವ ಮತ್ತೆ ಶೇಂಗಾ ಹುರಿಯುತ್ತಾಳೆ.